ಕಾಳು ಹಾಕುವಷ್ಟು ಹೊತ್ತು

ಶಿಷ್ಯ ಕೇಳಿದ: "ಗುರುಗಳೇ, ನೀವು ಕಲಿಸಿದಂತೆಯೇ ಪದಕ್ಕೆ ಧಾಟಿ ಕಟ್ಟಿದೆ. ಕೊನೆಯಲ್ಲಿ ನಿಷಾದದಲ್ಲಿ ನಿಂತು, ಕೇಳುವವರನ್ನು ಕಾಯಿಸಿ, ಷಡ್ಜಕ್ಕೆ ಸೇರಿಸಿದೆ. ಕೇಳಿದವರು ಯಾರೂ ಮಿಸುಕಲಿಲ್ಲ. ಎಷ್ಟು ಮಾತ್ರೆ ನಿಲ್ಲಬೇಕು?"

ಗುರು ತಂಬೂರಿ ಕೆಳಗಿಟ್ಟು ಹೇಳಿದರು:

ಒಬ್ಬ ನೇಕಾರನಿದ್ದ. ಬೆಳಕು ಹರಿಯುವಾಗ ಅವನು ಮಗ್ಗಕ್ಕೆ ಕೂರುತ್ತಿದ್ದ, ಹೆಂಡತಿ ಬೀಸುಕಲ್ಲಿಗೆ. ಅವಳು ಹಾಡುತ್ತ ಬೀಸುತ್ತಿದ್ದಳು. ಹಾಡಿನ ಕಡೆಯ ಮಾತು ಬಂತೆಂದರೆ ದನಿಯೂ ನಿಲ್ಲುತ್ತಿತ್ತು, ಕಲ್ಲೂ ನಿಲ್ಲುತ್ತಿತ್ತು. ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕಿ, ಆಮೇಲೆ ಆ ಮಾತು ಹೇಳುತ್ತಿದ್ದಳು. ಅಲ್ಲಿಯವರೆಗೆ ಇವನ ಲಾಳಿ ಓಡುತ್ತಿರಲಿಲ್ಲ.

"ಬೇಗ ಮುಗಿಸೇ, ಲಾಳಿ ಕೈಯಲ್ಲೇ ಬೆವರುತ್ತಿದೆ."

"ಬೆವರಲಿ. ನಿನ್ನೆ ಊಟಕ್ಕೆ ನನ್ನನ್ನು ಎಷ್ಟು ಹೊತ್ತು ಕಾಯಿಸಿದಿರಿ?"

ಅವಳು ತೀರಿಕೊಂಡಳು. ನೇಕಾರನ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಮಗ್ಗಕ್ಕೆ ಕೂತರೆ ಕೈ ಏಳಲಿಲ್ಲ. ಆ ಹಾಡು ಕೇಳಿದರೆ ಎದ್ದೀತು ಅನ್ನಿಸಿತು. ನಾದಿನಿಯನ್ನು ಕರೆಸಿದ. ಅವಳು ಬೀಸುತ್ತ ಹಾಡಿದಳು. ಅಕ್ಕನದೇ ದನಿ, ಅದೇ ಮಾತು. ಅವನು ಲಾಳಿ ಹಿಡಿದು ಕೂತೇ ಇದ್ದ.

"ಮುಗಿಯಿತಲ್ಲ, ಭಾವ."

"ಮುಗಿಯಿತೇ? ಅವಳು ಕೊನೆಗೆ ನಿಲ್ಲುತ್ತಿದ್ದಳು."

ನಾದಿನಿ ಮತ್ತೆ ಹಾಡಿದಳು. ನಿಂತಳು. ಹೇಳಿದಳು. ಲಾಳಿ ಓಡಲಿಲ್ಲ.

"ಇನ್ನೆಷ್ಟು ನಿಲ್ಲಲಿ?" ಎಂದಳು. ಅವನು ಲಾಳಿ ಕೆಳಗಿಟ್ಟ.

ಮಾರನೆಯ ಬೆಳಗ್ಗೆ ಅವನೇ ಬೀಸುಕಲ್ಲಿಗೆ ಕೂತ. ಒರಟು ದನಿಯಲ್ಲಿ ಹಾಡುತ್ತ ಬೀಸಿದ. ಹಿಟ್ಟು ಮಂಜಿನ ಹಾಗೆ ಎದ್ದಿತು. ಕಡೆಯ ಮಾತು ಬಂತು. ಕೈ ತಾನಾಗಿ ಜೋಳಕ್ಕೆ ಹೋಯಿತು. ಆಗ, ಬೆನ್ನ ಹಿಂದೆ ಮಗ್ಗದಲ್ಲಿ, ಹೆಂಡತಿ ಲಾಳಿ ಹಿಡಿದು ಕೂತಂತಾಯಿತು. ಅವನು ತಿರುಗಿ ನೋಡಲಿಲ್ಲ. ಮಾತು ಹೇಳಿದರೆ ಅವಳು ಎದ್ದುಹೋಗುತ್ತಾಳೆ. ಹೇಳದಿದ್ದರೆ ಹಾಗೇ ಕಾಯುತ್ತ ಕೂರುತ್ತಾಳೆ, ಪಾಪ. ಮುಷ್ಟಿಯಲ್ಲಿ ಜೋಳ ಬೆಚ್ಚಗಾಯಿತು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು.

ಜೋಳ ಹಾಕಿದ. ಆ ಮಾತು ಹೇಳಿದ. ಹೇಳುತ್ತ ಹೇಳುತ್ತ ಅತ್ತ. ಬಹಳ ಹೊತ್ತು ಅತ್ತ. ಆಮೇಲೆ ಎದ್ದು, ಮುಖ ತೊಳೆದು, ಮಗ್ಗಕ್ಕೆ ಕೂತ. ಲಾಳಿ ಓಡಿತು.

ಗುರು ಮಾತು ನಿಲ್ಲಿಸಿದರು. ಶಿಷ್ಯ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ.

"ಅವನು ನಿಂತದ್ದು ಎಷ್ಟು ಮಾತ್ರೆ, ಗುರುಗಳೇ?"

"ಅದಿರಲಿ ಮಗು, ನೀನು ಯಾರನ್ನು ಕಳಿಸಿಕೊಡಲಾರದೆ ನಿಂತೆ?"

ಶಿಷ್ಯನ ಬೆರಳು ಮಡಚಿದಲ್ಲೇ ಉಳಿಯಿತು.