ಸೂರ್ಯನ ಧ್ರುವಗಳೂ ಹೆಪ್ಪಿನ ಮಡಕೆಯೂ

"ಗುರುಗಳೇ, ಕೊಟ್ಟವರ ಪಾಲಿಗೆ ಉಳಿಯುವುದು ಕತ್ತಲೆಯೇ?" ಎಂದು ಅಂಬುಜೆ ಕೇಳಿದಳು.

ದೂರದ ಊರಿನ ಶಾಲೆಗೆ ಕಲಿಸಲು ಹೋಗೆಂದು ಗುರುಗಳು ಅವಳಿಗೆ ಹೇಳಿ ಬಹಳ ಕಾಲವಾಗಿತ್ತು. ಇನ್ನೂ ಸ್ವಲ್ಪ ಕಲಿಯುತ್ತೇನೆ ಎಂದು ಅವಳು ಪ್ರತಿ ಸಲವೂ ಆಶ್ರಮದಲ್ಲೇ ಉಳಿದಿದ್ದಳು. ಕಲಿತದ್ದನ್ನೆಲ್ಲ ಹಂಚಿದರೆ ತಾನು ಬರಿದಾಗುವೆನೆಂಬ ಭಯ ಅವಳದು. ಆ ಬೆಳಿಗ್ಗೆ ಪಾಠದಲ್ಲಿ ಕ್ಷ-ಕಿರಣದಲ್ಲಿ ತೆಗೆದ ಸೂರ್ಯನ ಚಿತ್ರ ನೋಡಿದ ಮೇಲೆ ಆ ಭಯಕ್ಕೆ ಆಧಾರವೂ ಸಿಕ್ಕಿತ್ತು.

"ಸೂರ್ಯನ ನಡುಭಾಗದಲ್ಲಿ ಕಾಂತದ ಗೆರೆಗಳು ಬಾಗಿ ಅವನಿಗೇ ಮರಳುತ್ತವೆ, ಕಾವನ್ನು ಹಿಡಿದಿಡುತ್ತವೆ ಎಂದಿರಿ. ಅಲ್ಲಿ ಬೆಳಕೋ ಬೆಳಕು. ಧ್ರುವಗಳಲ್ಲಿ ಗೆರೆಗಳು ಹೊರಕ್ಕೆ ತೆರೆದಿವೆ, ರಭಸದ ಸೌರಮಾರುತ ಅಲ್ಲಿಂದಲೇ ಹೊರಟು ಗ್ರಹಗಳನ್ನೂ ದಾಟುತ್ತದೆ ಎಂದಿರಿ. ಚಿತ್ರದಲ್ಲಿ ಆ ಧ್ರುವಗಳೇ ಕಪ್ಪು."

ಗುರುಗಳು ಹೇಳಿದರು:

ಒಬ್ಬ ಗೃಹಿಣಿಗೆ ಇಬ್ಬರು ಸೊಸೆಯರು. ಇಬ್ಬರೂ ಬೇರೆ ಬೇರೆ ಮಡಕೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಿದ್ದರು. ಹಿರಿಯವಳ ಮಡಕೆಯ ಕೆನೆ ಒಡೆಯುತ್ತಿರಲಿಲ್ಲ. ಕಿರಿಯವಳ ಮೊಸರಿನಲ್ಲಿ ದಿನವೂ ಒಂದು ಗುಂಡಿ.

"ಇದೇನೇ, ಹೆಗ್ಗಣ ತೋಡಿದ ಹಾಗಿದೆ! ಅಕ್ಕನ ಮಡಕೆ ನೋಡು, ಮುಖ ಕಾಣಿಸುತ್ತದೆ."

"ಬೀದಿಯವರು ಹೆಪ್ಪಿಗೆ ಬರುತ್ತಾರೆ ಅತ್ತೆ. ಇಲ್ಲ ಅನ್ನಲೇ?"

"ಅನ್ನು. ಬಾಯಿ ಇಲ್ಲವೇ ನಿನಗೆ?"

ಅಷ್ಟಕ್ಕೆ ನಿಲ್ಲದೆ ಅತ್ತೆ ಕಿರಿಯವಳ ಮಡಕೆಯನ್ನು ತೊಳೆಸಿ ಬೋರಲು ಹಾಕಿಸಿದಳು. ಮರುವಾರ ಹೊಸ ಬೀಗರು ಊಟಕ್ಕೆ ಬರುವವರಿದ್ದರು. ಹಿರಿಯವಳ ಮೊಸರನ್ನು ಅದಕ್ಕೆಂದೇ ಮುಟ್ಟದೆ ಮುಚ್ಚಿಟ್ಟರು. ಬೀಗರು ಬರುವ ಹಿಂದಿನ ಸಂಜೆ ಕೆನೆ ಸರಿಸಿದರೆ ಬರೀ ಹುಳಿ ನಾತ. ಅದನ್ನೇ ಹೆಪ್ಪು ಹಾಕಿದ ಹಾಲು ಒಡೆಯಿತು. ಇನ್ನೊಂದು ಪಾತ್ರೆಯಲ್ಲಿ ಹಾಲಿತ್ತು, ಮನೆಯಲ್ಲಿ ಹೆಪ್ಪಿರಲಿಲ್ಲ. ಬೀಗರಿಗೆ ಮೊಸರಿಲ್ಲದ ಊಟ ಬಡಿಸಿದರೆ ಮಾನ ಉಳಿಯುವುದಿಲ್ಲ.

ಎಂದೂ ಯಾರ ಬಾಗಿಲಿಗೂ ಹೋಗದ ಆ ಗೃಹಿಣಿ ಸೆರಗಿನಲ್ಲಿ ಬಟ್ಟಲು ಮುಚ್ಚಿಕೊಂಡು ಹೊರಟಳು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವ ಪದ್ಧತಿ ಆ ಊರಲ್ಲಿಲ್ಲ. ಬೀದಿಯ ಮನೆಗಳಲ್ಲೆಲ್ಲ ಆಗಲೇ ದೀಪಗಳು ಬೆಳಗುತ್ತಿದ್ದವು. ಕೊನೆಯ ಮನೆಯೊಂದು ಮಾತ್ರ ಕತ್ತಲಾಗಿತ್ತು. ಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು.

"ಬನ್ನಿ ಅಮ್ಮಾ. ನೀವು ಸೆರಗಿನಡಿ ಬಟ್ಟಲು ಹಿಡಿದು ಬರುವುದು ಕಂಡಿತು. ಅದಕ್ಕೇ ದೀಪ ಹಚ್ಚಲಿಲ್ಲ."

"ನಿನ್ನ ಹೆಪ್ಪು ಚೆನ್ನಾಗಿದೆಯೇ?" ಬೇಡಲು ಬಂದಾಗಲೂ ಗೃಹಿಣಿ ಬಿಗುಮಾನ ಬಿಟ್ಟಿರಲಿಲ್ಲ.

"ನಿಮ್ಮ ಮನೆಯದೇ ಅಲ್ಲವೇ? ನಿಮ್ಮ ಕಿರಿ ಸೊಸೆ ಕೊಟ್ಟ ಮೊಸರಿನ ಮೊಮ್ಮಗಳು ಇದು."

ಗೃಹಿಣಿ ಬಟ್ಟಲು ಒಡ್ಡಿದಳು. ಮನೆಗೆ ಬಂದವಳು ಬೋರಲು ಬಿದ್ದಿದ್ದ ಮಡಕೆಯನ್ನು ತಾನೇ ಎತ್ತಿ ನೆಟ್ಟಗಿಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಅಂಬುಜೆಗೆ ಸಮಾಧಾನವಾಗಲಿಲ್ಲ.

"ಹಿರಿಯ ಸೊಸೆಯದೇನು ತಪ್ಪು, ಗುರುಗಳೇ? ಪಾಪ, ಜೋಪಾನವಾಗಿ ಇಟ್ಟಿದ್ದಳು."

ಗುರುಗಳು ಅವಳನ್ನೇ ನೋಡಿದರು.

"ನಿನ್ನದು ಎಷ್ಟು ದಿನದ ಮೊಸರು, ಮಗಳೇ?"