ಅಳಿವೆಕೇರಿಯ ಹಾಡುಬಾವಿ

ಅಳಿವೆಕೇರಿಯಲ್ಲಿ ದೋಣಿ ಇಳಿದವರಿಗೆ ಮೊದಲು ಕಾಣುವುದು ಮುರಕಲ್ಲಿನ ದಿಬ್ಬ, ಅದರ ನೆತ್ತಿಯಲ್ಲೊಂದು ಬಾವಿ. ಸಮುದ್ರ ಕೂಗಳತೆಯಲ್ಲಿದ್ದರೂ ನೀರು ಎಳನೀರಿನಷ್ಟು ಸಿಹಿ. ಇದನ್ನು ಹಾಡುಬಾವಿ ಎನ್ನುತ್ತಾರೆ. ಪೇಟೆಯವರು ಒಳಗೆ ಬಗ್ಗಿ ಕೂಗಿ, ದನಿ ತಿರುಗಿ ಬರುವುದರಿಂದ ಈ ಹೆಸರು ಎಂದುಕೊಂಡು ಹೋಗುತ್ತಾರೆ. ದನಿ ಯಾವ ಬಾವಿಯಲ್ಲಿ ತಿರುಗಿ ಬರುವುದಿಲ್ಲ? ನಿಜ ತಿಳಿದವನು ಈ ಸೀಮೆಯಲ್ಲಿ ನಾನೊಬ್ಬನೇ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಗೋಡೆಗೆ ಸುಣ್ಣ ಬಳಿಯಲಿಕ್ಕೆ ಮಾತ್ರ. ಆದರೂ ಕಡಲಾಚೆಯ ಮೆಲಂಥಿ ಎಂಬ ಯವನರ ಪಟ್ಟಣದ ಸಂಗೀತದ ಚರಿತ್ರೆಯನ್ನು ಆ ಪಟ್ಟಣದವರಿಗಿಂತ ಚೆನ್ನಾಗಿ ಹೇಳಬಲ್ಲೆ.

ಹಿಂದೆ ಒಮ್ಮೆ, ಯವನರ ಹಡಗುಗಳು ಮೆಣಸಿಗಾಗಿ ನಮ್ಮ ಅಳಿವೆಗೆ ಬರುತ್ತಿದ್ದ ಕಾಲದಲ್ಲಿ, ತಿಮಂದ್ರನೆಂಬ ತರುಣ ಇಲ್ಲಿ ಬಂದಿಳಿದ. ಅವನ ಕೈಯಲ್ಲಿ ಎತ್ತಿನ ಕೊಂಬಿಗೆ ತಂತಿ ಬಿಗಿದಂಥ ಒಂದು ವೀಣೆ. ಮೆಲಂಥಿಯಲ್ಲಿ ವೀಣೆಗೆ ಏಳೇ ತಂತಿ ಎಂದು ಕಟ್ಟಳೆಯಿತ್ತಂತೆ. ಇವನು ಎಂಟನೆಯದನ್ನು ಬಿಗಿದು, ದ್ರಾಕ್ಷಿ ಸುಗ್ಗಿಗೊಂದು ಹಾಡು ಕಟ್ಟಿ ನುಡಿಸಿದ. ಹಿರಿಯರು ಸಭೆ ಕೂಡಿಸಿ, ಎಲ್ಲರೆದುರು ಆ ತಂತಿಯನ್ನು ಕತ್ತರಿಸಿ, “ಊರು ಎಂಟು ತಂತಿಗೆ ಒಪ್ಪಿದ ದಿನ ತಿರುಗಿ ಬಾ” ಎಂದು ಹಡಗು ಹತ್ತಿಸಿದರು. ಇಲ್ಲಿ ಅವನು ಮತ್ತೆ ಎಂಟು ಬಿಗಿದ. ಅವನು ನುಡಿಸಿದರೆ ಬಂಗುಡೆ ಮೀನು ಬಲೆಯಿಲ್ಲದೆ ದೋಣಿಗೆ ಹಾರುತ್ತಿತ್ತು ಎನ್ನುತ್ತಾರೆ. ನಮ್ಮ ವಂಶದವರು ಅದನ್ನು ಸುಟ್ಟು ತಿಂದಿದ್ದಾರೆ, ಆದ್ದರಿಂದ ಸುಳ್ಳಲ್ಲ.

ಆದರೆ ಅವನ ಜೀವವೆಲ್ಲ ಮೆಲಂಥಿಯಲ್ಲಿತ್ತು. ಊರು ಎಂಟು ತಂತಿಗೆ ಒಪ್ಪಿತೇ ಎಂದು ನಾವಿಕರನ್ನು ಕೇಳಿದರೆ, ಅವರಿಗೆ ಗೊತ್ತಿದ್ದದ್ದು ಮೆಣಸಿನ ಧಾರಣೆ ಮಾತ್ರ. ಬಾವಿ ಕಾಯುತ್ತಿದ್ದ ಬೀರಕ್ಕನಿಗೆ ಕನಿಕರ ಬಂತು. “ನೀರಿಲ್ಲದೆ ಯಾವ ಹಡಗೂ ಹೋಗುವ ಹಾಗಿಲ್ಲ ತಮ್ಮಾ. ನಿಮ್ಮೂರಿನ ಹೊಸ ಹಾಡು ಹೇಳಿದವರಿಗೇ ನೀರು ಅನ್ನುತ್ತೇನೆ. ನೀನು ಕೂತು ಕೇಳು” ಎಂದಳು. ಅಂದಿನಿಂದ ಹಾಡಿಲ್ಲದೆ ಕೊಡ ಇಳಿಯಲಿಲ್ಲ. ತಿಮಂದ್ರ ಕಟ್ಟೆಯ ಮೇಲೆ ಕುಳಿತು, ಬಂದ ಹಾಡನ್ನೆಲ್ಲ ನುಡಿಸಿ ನೋಡುವನು. ಎಂಟನೆಯ ತಂತಿ ಮುಟ್ಟದೆ ಹಾಡು ಮುಗಿದರೆ ಎದ್ದು ಹೋಗುವನು. ಕೆಲವು ಕಾಲ ಕಹಳೆಯೊಡನೆ ಹೆಜ್ಜೆ ಹಾಕುವ ಯುದ್ಧದ ಹಾಡುಗಳು ಬಂದವು. ಆಮೇಲೆ ಮೆಲಂಥಿ ಸೋತಿತು; ಕೊಳಲಿನೊಡನೆ ಹೆಂಗಸರು ಅಳುವ ಹಾಡುಗಳು ಬಂದವು. ಬೇರೆ ದೊರೆ ಪಟ್ಟಕ್ಕೆ ಬಂದ. ಅವನನ್ನು ಹೊಗಳುವ ಹಾಡುಗಳು ಬಂದವು. ಅವಂತೂ ಮೂರು ತಂತಿಗೇ ಮುಗಿಯುತ್ತಿದ್ದವಂತೆ.

ತಿಮಂದ್ರ ಮುದುಕನಾದ. ಇಲ್ಲಿಯ ಬಿಸಿಲಿಗೆ ಕಪ್ಪಾಗಿ, ನಮ್ಮಂತೆಯೇ ಪಂಚೆ ಉಡುತ್ತಿದ್ದ. ಒಂದು ವರ್ಷ ಹರೆಯದ ನಾವಿಕನೊಬ್ಬ ಬಾವಿಕಟ್ಟೆಯ ಬಳಿ ಹಾಡತೊಡಗಿದಾಗ ಹಾಡು ನೇರ ಎಂಟನೆಯ ತಂತಿಗೆ ಏರಿತು. ಅದು ತಿಮಂದ್ರನದೇ ಸುಗ್ಗಿಯ ಹಾಡು. ಆದರೆ ಕೊನೆಯ ಸಾಲಿನಲ್ಲಿ ಏರಬೇಕಾದ ದನಿ ಇಳಿದುಬಿಟ್ಟಿತು. ಮುದುಕ ಸರಿಯಾಗಿ ನುಡಿಸಿ ತೋರಿಸಿದ.

“ತಪ್ಪಿದಿರಿ ತಾತ,” ಎಂದು ನಾವಿಕ ನಕ್ಕ. “ಇದು ನಮ್ಮೂರಿನ ಪುರಾತನ ಹಾಡು. ತೊಟ್ಟಿಲು ತೂಗುವಾಗಲೂ ಇದನ್ನೇ ಹಾಡುತ್ತಾರೆ. ಹೊರಗಿನವರಿಗೆ ಅದರ ಮಟ್ಟು ಸಿಗುವುದು ಕಷ್ಟ.”

ಹಣ್ಣು ಮುದುಕಿಯಾಗಿದ್ದ ಬೀರಕ್ಕನಿಗೆ ಸಿಟ್ಟು ಬಂತು. “ಕಟ್ಟಿದವನು ನೀನೇ ಎಂದು ಹೇಳಬಾರದೇನೋ? ಊರು ಒಪ್ಪಿತಲ್ಲ, ಇನ್ನಾದರೂ ಹೋಗು.”

“ಹೋದರೆ ಆ ಊರಿನಲ್ಲಿ ತಪ್ಪು ಹಾಡುವವನು ನಾನೊಬ್ಬನೇ ಆಗುತ್ತೇನೆ ಅಕ್ಕಾ” ಎಂದ ತಿಮಂದ್ರ. ಮತ್ತೆ ನಾವಿಕನ ಕಡೆ ತಿರುಗಿ, “ಇನ್ನೊಮ್ಮೆ ಹಾಡು ಮಗಾ, ಕಲಿಯುತ್ತೇನೆ” ಎಂದು, ಕೊನೆಯ ಸಾಲಿನಲ್ಲಿ ತನ್ನ ಬೆರಳನ್ನೂ ಅವನ ದನಿಯ ಹಿಂದೆಯೇ ಇಳಿಸಿದ. ಆ ಹಡಗಿನ ಕೊಡಗಳನ್ನೆಲ್ಲ ತಾನೇ ಸೇದಿ ತುಂಬಿಕೊಟ್ಟನಂತೆ.

ಇಂದಿಗೂ ಬಂದವರು ನೋಡಬಹುದು, ನೀರು ಸೇದುವ ಹೆಂಗಸರು ಅದೇ ಹಾಡನ್ನು ಗುನುಗುತ್ತಾರೆ. ಕೊನೆಯ ಸಾಲಿಗೆ ಬಂದಾಗ ಬಡಗಣ ಕೇರಿಯವರು ದನಿ ಇಳಿಸುತ್ತಾರೆ, ತೆಂಕಣ ಕೇರಿಯವರು ಏರಿಸುತ್ತಾರೆ. ತಮ್ಮದೇ ಸರಿ ಎಂದು ಹಗ್ಗ ಹಿಡಿದುಕೊಂಡೇ ಜಗಳವಾಡುತ್ತಾರೆ. ನಮ್ಮ ಮನೆ ತೆಂಕಣ ಕೇರಿಯಲ್ಲಿದೆ.