ಭರಮವ್ವ ಸವರಿದ ಹುರಿ

ನಿಮ್ಮಜ್ಜನ ಅಜ್ಜನಿಗೆ ಇನ್ನೂ ಹಲ್ಲು ಮೂಡಿರಲಿಲ್ಲವಂತೆ, ಅಷ್ಟು ಹಿಂದೆ, ಕಂಬಳಿ ನೇಯುವವರ ಒಂದೂರಲ್ಲಿ ಭರಮವ್ವ ಅಂತ ಒಬ್ಬಳಿದ್ದಳು. ಮದ್ದು ಕೊಡುವವಳು. ಅವಳು ಕೈಯಿಟ್ಟರೆ ಜ್ವರ ಊರ ಗಡಿ ದಾಟಿ ಓಡುತ್ತಿತ್ತು ಅಂತಾರೆ. ನಾನೇನು ಕಂಡವನಲ್ಲ. ಬಂದು ಹೋಗುವ ಜ್ವರದ ಮಾತು ಬಿಡಿ, ಬಂದು ಮನೆಯವರ ಹಾಗೆ ಕೂತೇಬಿಡುವ ರೋಗಗಳಿವೆಯಲ್ಲ, ಉಬ್ಬಸ, ಕೀಲುನೋವು, ಅವುಗಳಿಗೆ ಅವಳದೇ ಒಂದು ಪದ್ಧತಿಯಿತ್ತು.

ರೋಗಿಯ ಕೈಗೆ ಕರಿ ಉಣ್ಣೆಯ ಒಂದು ಹುರಿ ಕೊಡುತ್ತಿದ್ದಳು. ಹೊತ್ತು ಮುಳುಗುವಾಗ ರೋಗಿಯೇ ಅದಕ್ಕೊಂದು ಗಂಟು ಹಾಕಬೇಕು. ಸುಖವಾಗಿ ಕಳೆದ ದಿನಕ್ಕೆ ಒಂಟಿ ಗಂಟು, ನರಳಿದ ದಿನಕ್ಕೆ ಜೋಡಿ ಗಂಟು. ಅಮಾವಾಸ್ಯೆಗೆ ಹುರಿ ತಂದು ಒಪ್ಪಿಸಬೇಕು. ಅವಳು ಕಣ್ಣು ಮುಚ್ಚಿ, ಬೆರಳಲ್ಲಿ ಸವರಿ, ಮೊದಲ ವಾರ ಹೀಗೆ ಕಳೆದೆ, ಎರಡನೆಯದು ಹೀಗೆ ಅಂತ ಹೇಳಿ, ತಕ್ಕಂತೆ ಮದ್ದನ್ನು ಹೆಚ್ಚು ಕಡಿಮೆ ಮಾಡುತ್ತಿದ್ದಳಂತೆ.

ಅವಳ ಕೊರತೆ ಒಂದೇ, ಬಾಯಿ. ಜೋಡಿ ಗಂಟು ಹೆಚ್ಚಿದ್ದರೆ ಪಥ್ಯ ಮುರಿದೆ, ಹೇಳಿದ್ದು ಕೇಳಲಿಲ್ಲ ಅಂತ ನೆರೆದವರ ಮುಂದೆಯೇ ಜಾಡಿಸುತ್ತಿದ್ದಳು. ಒಂಟಿ ಗಂಟಿನವರನ್ನು ಮಾತ್ರ ಕಂಬಳಿ ಹಾಸಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಪ್ರೀತಿಯಿಂದಲೇ ಬೈಯುತ್ತಿದ್ದಳು, ಅದು ಸುಳ್ಳಲ್ಲ. ಆದರೆ ಬೈಸಿಕೊಂಡವನಿಗೆ ಅದು ಕಾಣುತ್ತದೆಯೇ?

ಅದೇ ಊರಲ್ಲಿ ಮಾಳಿಂಗ ಅಂತ ಒಬ್ಬ ನೇಕಾರ. ಅವನಿಗೆ ಉಬ್ಬಸ. ಉಣ್ಣೆಯ ಧೂಳು ಅವನ ವೈರಿ, ಆ ಉಣ್ಣೆಯೇ ಅವನ ಅನ್ನ. ಉಣ್ಣೆ ಹಿಂಜುವುದು ಬಿಡು ಅಂತ ಭರಮವ್ವ ಹೇಳಿದ್ದಳು. ಬಿಟ್ಟರೆ ಒಲೆ ಉರಿಯಬೇಕಲ್ಲ? ಅವನು ಹಿಂಜಿದ, ಏದುಸಿರು ಬಿಟ್ಟ, ಪ್ರತಿ ಅಮಾವಾಸ್ಯೆಗೂ ಬೈಸಿಕೊಂಡ.

ಆಮೇಲೊಂದು ಅಮಾವಾಸ್ಯೆಗೆ ಅವನ ಹುರಿಯಲ್ಲಿ ನಾಲ್ಕೇ ಜೋಡಿ ಗಂಟು. ಮುಂದಿನದಕ್ಕೆ ಎರಡು. ಅದರ ಮುಂದಿನದಕ್ಕೆ ಒಂದೂ ಇಲ್ಲ. ಭರಮವ್ವ ಹಿಗ್ಗಿದಳು, ಅವನನ್ನು ಕಂಬಳಿಯ ಮೇಲೆ ಕೂರಿಸಿ ಬೆನ್ನು ತಟ್ಟಿದಳು. ತಿಂಗಳಿಡೀ ಸೊಂಟದಲ್ಲಿರಬೇಕಾದ ಹುರಿ ಹೊಸದರ ಹಾಗೆ ಯಾಕಿದೆ, ಗಂಟುಗಳೆಲ್ಲ ಒಂದೇ ಬಿಗಿ ಯಾಕಿವೆ ಅಂತ ಅಷ್ಟು ಬಲ್ಲ ಬೆರಳಿಗೂ ಹೊಳೆಯಲಿಲ್ಲ. ಮದ್ದನ್ನು ಅರ್ಧಕ್ಕಿಳಿಸಿದಳು. ಮಾಳಿಂಗ ಕೊಟ್ಟಷ್ಟು ತೆಗೆದುಕೊಂಡು ಹೋದ.

ಹತ್ತು ದಿನ ಕಳೆದಿರಲಿಲ್ಲ, ಮಗ್ಗದ ಮುಂದೆ ಕೂತವನು ಉಸಿರು ಸಿಗದೆ ಅಲ್ಲೇ ಒರಗಿಬಿಟ್ಟ.

ಮಣ್ಣು ಮಾಡಿದ ಮರುದಿನ ಅವನ ಹೆಂಡತಿ ಹೊನ್ನವ್ವ ಬಂದಳು. ಕೈಯಲ್ಲಿ ಇನ್ನೊಂದು ಹುರಿ. ಬೆವರಿಗೆ ಬಣ್ಣಗೆಟ್ಟಿತ್ತು, ತುದಿಯಿಂದ ತುದಿಗೆ ಜೋಡಿ ಗಂಟು.

"ಖರೇ ಹುರಿ ಇದು ಯವ್ವಾ. ಮೂರ ತಿಂಗಳಿಂದ ದಿನಾ ಇದಕ್ಕ ಗಂಟ ಹಾಕತಿದ್ದ. ನಿನಗ ತರೋದನ್ನ ಅಮಾಸಿ ಮುಂಜಾನೆ ಕುಂತು ಕಟ್ಟತಿದ್ದ."

ಯಾಕೆ ಅಂತ ಭರಮವ್ವ ಕೇಳಿದಳಂತೆ.

"ನೀ ಬೈತಿ ಅಂತ."

ದೂರಲಿಲ್ಲ, ಶಪಿಸಲಿಲ್ಲ. ಇದ್ದದ್ದನ್ನು ಹೇಳಿ ಹೊನ್ನವ್ವ ಹೊರಟುಹೋದಳು. ಭರಮವ್ವ ಆ ಹುರಿ ಸವರುತ್ತ ಕೂತಳು. ಮೂರು ದಿನ ಅಂತಾರೆ, ಒಂಬತ್ತು ದಿನ ಅಂತಾರೆ. ಕೂತಷ್ಟು ಹೊತ್ತೂ ಅತ್ತಳು. ಅವನು ಅವಳ ಮುಂದೆ ಹೇಳಲಾರದೆ ಹೋದ ದಿನಗಳೆಲ್ಲ ಅಲ್ಲಿದ್ದವು, ಒಂದೂ ತಪ್ಪದೆ.

ಆಮೇಲೆ ಬದುಕಿದಷ್ಟು ಕಾಲ ಅವಳು ಯಾವ ರೋಗಿಗೂ ಗಡುಸಾಗಿ ಮಾತಾಡಲಿಲ್ಲ. ಯಾರು ಏನೇ ಹೇಳಲಿ, "ಹೂಂ, ಮುಂದ?" ಅನ್ನುತ್ತಿದ್ದಳು, ಅಷ್ಟೆ. ಕಂಬಳಿಯ ಮೇಲೆ ಎಲ್ಲರಿಗೂ ಜಾಗ ಸಿಕ್ಕಿತು. ಮಾಳಿಂಗ ಮಾತ್ರ ಇರಲಿಲ್ಲ.

ಈಗಲೂ ಆ ಊರಿನ ಸಕ್ಕರೆ ಕಾಯಿಲೆಯವರು, ಬಿಪಿಯವರು ಪಟ್ಟಣದ ಡಾಕ್ಟರಿಗೆ ತೋರಿಸಲು ದಿನದಿನದ ಲೆಕ್ಕ ಬರೆದ ಪುಸ್ತಕ ಹಿಡಿದು ಮೊದಲು ಭರಮವ್ವನ ಗದ್ದಿಗೆಗೆ ಹೋಗುತ್ತಾರೆ, ಬಸ್ಸು ಹತ್ತುವುದು ಆಮೇಲೆ. ಕಾಯಿ ಒಡೆಯುವುದಿಲ್ಲ, ಊದಿನಕಡ್ಡಿ ಹಚ್ಚುವುದಿಲ್ಲ. ಪುಸ್ತಕ ತೆರೆದು ಗುಳಿಗೆ ಬಿಟ್ಟ ದಿನ, ಕದ್ದು ಹೋಳಿಗೆ ತಿಂದ ದಿನ, ಸಕ್ಕರೆ ನೋಡದೆಯೇ ಅಂದಾಜಿಗೆ ಬರೆದ ದಿನ, ಎಲ್ಲ ಬಾಯಿಬಿಟ್ಟು ಹೇಳುತ್ತಾರೆ. ಜೊತೆಗೆ ಬಂದವರು ಗಂಡನಾಗಲಿ ಸೊಸೆಯಾಗಲಿ, ಅಲ್ಲಿ ಬೈಯುವಂತಿಲ್ಲ, ಹೂಂ ಅನ್ನಬೇಕು. ಯಾರೂ ಇಲ್ಲದೆ ಒಂಟಿಯಾಗಿ ಬಂದವರಿದ್ದರೆ, ದಾರಿಯಲ್ಲಿ ಹೋಗುವವರೇ ನಿಂತು, ಹೇಳಿ ಮುಗಿಯುವ ತನಕ ಹೂಂ ಅಂದು ಹೋಗುತ್ತಾರೆ.